ಕುಂತು ಕುಡಿಯುವುದು

ಸಿಂಧನೂರಿನಲ್ಲಿ ಏಪ್ರಿಲ್ ಎಂದರೆ
ಕಾಲುವೆಗೆ ಬೀಗ ಬೀಳುವ ತಿಂಗಳು.
ಉಪಕಾಲುವೆಯ ಮೋರಿಯಡಿ
ಬಿರಿದ ಕೆಸರನ್ನು ಸಲಿಕೆಯಲ್ಲಿ ಎಬ್ಬಿಸಿ
ಅಟೆಂಡರ್ ಹುಸೇನಪ್ಪ ತಂದ,
ಗೋಣಿಚೀಲದಲ್ಲಿ ನಾಲ್ಕು ನೆಲಗಪ್ಪೆ.

ಬಟ್ಟಲಲ್ಲಿ ನೀರಿಟ್ಟೆ. ಒಂದೂ ಬಾಯಿ ಹಾಕಲಿಲ್ಲ.
"ಹಂಗ ಕುಡಿಯಂಗಿಲ್ರಿ ಮೇಡಂ,
ಕಪ್ಪಿ ಕುಂತು ಕುಡಿತಾವ."
ಗೋಣಿ ತೋಯಿಸಿ ಟ್ರೇಗೆ ಹಾಸಿದ.
ನಾಲ್ಕೂ ಹಿಂಗಾಲು ಅಗಲಿಸಿ
ಅಡಿಹೊಟ್ಟೆಯ ತೆಳುಚರ್ಮ ಒತ್ತಿ
ಸಂತೆ ಮುಗಿಸಿ ಬಂದ ಮುದುಕಿಯರ ಹಾಗೆ ಕುಳಿತವು.
ಅರ್ಧ ತಾಸು ಬಿಟ್ಟು ತೂಗಿದರೆ
ಒಂದೊಂದೂ ಮೂರು ಗ್ರಾಂ ಹೆಚ್ಚು.
ಪುಟದ ಸಂಖ್ಯೆ ಸಮೇತ ಓದಿದ್ದೆ ಇದನ್ನು.
ಆದರೂ ಬಟ್ಟಲಿಟ್ಟೆ.

ಅವತ್ತಿನ ಪ್ರಯೋಗ ಬೇರೆಯದು.
ಒಂದು ಕಪ್ಪೆಯ ಮೂತ್ರಕೋಶ,
ಉಳ್ಳಾಗಡ್ಡಿಯ ಒಳಪೊರೆಯಷ್ಟು ತೆಳು,
ಗಾಜಿನ ಕೊಳವೆಯ ತುದಿಗೆ ದಾರದಿಂದ ಬಿಗಿದು,
ಒಳಗೆ ಸಪ್ಪೆ ನೀರು, ಹೊರಗೆ ಬೀಕರಿನಲ್ಲಿ ಉಪ್ಪಿನದು.
ಹತ್ತು ನಿಮಿಷಕ್ಕೊಮ್ಮೆ ತಕ್ಕಡಿ.
ಆರು ಗ್ರಾಂ. ಮತ್ತೆ ಆರು. ಮತ್ತೆಯೂ.
ಹೊರಗಿನ ಉಪ್ಪು ಕರೆಯುತ್ತಲೇ ಇದೆ,
ಒಳಗಿನ ನೀರಿಗೆ ಕೇಳುತ್ತಿಲ್ಲ.
"ಕೆಟ್ಟೈತೇನ್ರಿ?"
ಕೆಟ್ಟಿಲ್ಲ. ಹುಕುಂ ಬಂದಿಲ್ಲ.

ಹುಕುಂ ಇರುವುದು ತಲೆಯಲ್ಲಿ,
ಮಿದುಳಿನ ತಳಕ್ಕೆ ಅಂಟಿದ ಗ್ರಂಥಿಯಲ್ಲಿ.
ಕಪ್ಪೆಯದು ನವಣೆಕಾಳಿಗಿಂತ ದೊಡ್ಡದಲ್ಲ.
ಅದನ್ನೇ ಅರೆದು ಸೋಸಿ
ಬೀಕರಿಗೆ ಒಂದು ಹನಿ ಬಿಟ್ಟೆ.

ಈ ಹನಿ ಒಳಗೆ ಹೋಗುವುದಿಲ್ಲ, ಹುಸೇನಪ್ಪ.
ಅಗಸಿಯಲ್ಲೇ ನಿಂತು ಬಾಗಿಲು ತಟ್ಟುತ್ತದೆ.
ಬಾಗಿಲ ಹಿಂದೆ ಮಲಗಿದ್ದ ಕಿಣ್ವವೊಂದು ಎದ್ದು
ಮನೆಯ ಉರುವಲನ್ನೇ ಒಂದು ಚೂರು ಮುರಿದು
ಬಳೆಯ ಹಾಗೆ ಬಾಗಿಸಿ
ಒಳಕೋಣೆಗೆ ಉರುಳಿಬಿಡುತ್ತದೆ.
ಬಳೆಯ ಸದ್ದಿಗೆ ಇನ್ನೊಂದು ಕಿಣ್ವಕ್ಕೆ ಎಚ್ಚರ.
ಅದು ಹೋಗಿ ಹೋಗಿ ರಂಜಕದ ಮುದ್ರೆ ಒತ್ತಿದಂತೆ
ಮೂಲೆಯಲ್ಲಿ ಪೇರಿಸಿಟ್ಟ ಕೊಳವೆಗಳು ಮೇಲೆದ್ದು
ಗೋಡೆಗೆ ಬಂದು ನಾಟಿಕೊಳ್ಳುತ್ತವೆ.
ಆಗ ನೀರು.

"ನಮ್ಮಪ್ಪ ಕಾಲುವಿ ಗ್ಯಾಂಗ್‌ಮನ್ ಇದ್ದನ್ರಿ.
ಮುನಿರಾಬಾದಿನಿಂದ ಫೋನ್ ಬಂದ್ರ ತೂಬು ಎತ್ತತಿದ್ದ."
ಸ್ವಲ್ಪ ಸುಮ್ಮನಿದ್ದು,
"ಕಪ್ಪ್ಯಾಗ ಕಡೀ ಹೊಲಕ್ಕ ನೀರು ಮುಟ್ಟತೈತೇನ್ರಿ?"
ಮುಟ್ಟುತ್ತದೆ ಅಂದೆ.
ಅವನು ನಂಬಲಿಲ್ಲ.

ತಕ್ಕಡಿ: ಐದೂ ಮುಕ್ಕಾಲು.
ಐದೂವರೆ.
ಐದಕ್ಕೆ ಬಂತು.
ಕರೆಂಟು ಹೋಯಿತು, ಫ್ಯಾನು ನಿಂತಿತು,
ಕಿಟಕಿಯಿಂದ ಭತ್ತದ ಧೂಳು.
ಚೀಲ ತನ್ನ ಪಾಡಿಗೆ ಹಗುರಾಗುತ್ತಿತ್ತು.

"ನಮ್ಮ ಹಂಪಮ್ಮಗ ಮೂಗಿಗೆ ಹೊಡಿಯೋದು ಬರಕೊಟ್ಟಾರಲ್ರಿ
ರಾಯಚೂರ ಡಾಕ್ಟರು. ಇದೇ ಏನ್ರಿ ಅದು?"

ಎಂಟು ವರ್ಷದ ಮಗಳು.
ರಾತ್ರಿ ಒಂದಕ್ಕೆ ಕೊಡ ಬಗ್ಗಿಸುವವಳು,
ಎರಡಕ್ಕೆ ಹೊರಗೆ ಓಡುವವಳು,
ಮೂರಕ್ಕೆ ಮತ್ತೆ ಕೊಡ.
ಸಕ್ಕರೆ ಕಾಯಿಲೆಯಲ್ಲ ಅಂದಿದ್ದರು; ಗಾಳಿ ಅಂದರು,
ತೋಳಿಗೆ ತಾಯತ ಬಂತು.
ಹಾಸಿಗೆ ಒದ್ದೆಯಾಯಿತೆಂದು ಏಟು.

ಅದೇ, ಅಂದೆ. ಬಹಳಮಟ್ಟಿಗೆ ಅದೇ.
ಅವಳ ಮೂತ್ರಪಿಂಡದಲ್ಲೂ ಕೊಳವೆ ಪೇರಿಸಿಟ್ಟಿವೆ,
ಕಿಣ್ವ ಬಾಗಿಲ ಹಿಂದೆಯೇ ಇದೆ.
ತಲೆಯಿಂದ ಹೊರಡಬೇಕಾದ್ದು ಹೊರಡುತ್ತಿಲ್ಲ,
ಅಷ್ಟೇ.

ಹುಸೇನಪ್ಪ ಬೀಕರಿನ ಹತ್ತಿರ ಬಗ್ಗಿದ.
ಆ ಪೊರೆಯ ಆಚೆ ಅವನ ಬೆರಳು ಕಾಣುತ್ತಿದ್ದವು.
"ಹಂಗಾರ ಚೀಲದ್ದೇನೂ ತಪ್ಪಿಲ್ರಿ."
ಇಲ್ಲ.
"ನಾ ಹೊಡದೀನ್ರಿ ಅಕಿಗೆ."
ಹತ್ತು ನಿಮಿಷ ಆಗಿತ್ತು.
ತೂಕ ನೋಡಿ ಬರೆದ, ಅದೇ ಕೈಯಲ್ಲಿ,
ನಾಲ್ಕು ಪಾಯಿಂಟ್ ಏಳು.

ಸಂಜೆ ಉಳಿದ ಮೂರನ್ನು
ಗೋಣಿಗೆ ಹಾಕಿಕೊಂಡು ಹೊರಟ.
ಕಾಲುವೆಗಾ? ಒಣಗಿದೆಯಲ್ಲೋ ಅಂದೆ.

"ಮನಿಗ್ರಿ.
ಹಂಪಮ್ಮನ ಗಡಿಗಿ ಬುಡಕ
ಯಾವಾಗ್ಲೂ ಹಸಿ ಇರತೈತಿ."